ಮಲೆನಾಡಿನ ಮನೆಯಲ್ಲಿ ಶುಂಠಿ ಬಿಯರ್: ಹೆಪ್ಪಿನಿಂದ ಬಾಟಲಿಯವರೆಗೆ

ಮೊದಲ ಬಾಟಲಿ ಸಿಡಿದಾಗ ರಾತ್ರಿ ಎರಡೂವರೆ ಗಂಟೆ. ಸಾಗರದ ಹತ್ತಿರದ ನಮ್ಮ ಮನೆ, ಜುಲೈ ತಿಂಗಳು. ಮಳೆ ಹಿಡಿದು ನಾಲ್ಕನೇ ದಿನ, ಕರೆಂಟ್ ಹೋಗಿ ಎರಡನೇ ದಿನ. ಅಡುಗೆಮನೆಯಲ್ಲಿ ಢಮ್ ಅಂದಿತು. ಅಮ್ಮ ಟಾರ್ಚ್ ಹಿಡಿದುಕೊಂಡು ಬಂದು ಫ್ರಿಜ್ ತೆರೆದರೆ ಹಾಲಿನ ಪಾತ್ರೆ, ಬಸಳೆ ಸೊಪ್ಪು, ಹಿಂದಿನ ದಿನದ ಸಾರು, ಎಲ್ಲದರ ಮೇಲೂ ಗಾಜಿನ ಚೂರು. "ಎಂತ ಮಾರಾಯ ಇದು, ಶುಂಠಿ ನೀರಾ, ಗರ್ನಾಲಾ?" ಅಂದರು.

ತಪ್ಪು ನನ್ನದೇ. ಫ್ರಿಜ್ಜಿನಲ್ಲಿಟ್ಟರೆ ಯೀಸ್ಟ್ ಸಾಯುತ್ತದೆ ಅಂದುಕೊಂಡಿದ್ದೆ. ಸಾಯುವುದಿಲ್ಲ, ನಿದ್ದೆ ಮಾಡುತ್ತದೆ ಅಷ್ಟೆ. ಕರೆಂಟ್ ಹೋಯಿತು, ಫ್ರಿಜ್ ಬೆಚ್ಚಗಾಯಿತು, ಅದು ಎದ್ದು ಕೂತು ಮತ್ತೆ ಸಕ್ಕರೆ ತಿನ್ನಲು ಶುರು ಮಾಡಿತು. ನೆಟ್ಟಿನಲ್ಲಿ ಸಿಗುವ ಪಾಕಗಳೆಲ್ಲ ಕರೆಂಟ್ ಹೋಗದ ಊರಿನವರು ಬರೆದದ್ದು. ನಮ್ಮ ಮಳೆಗಾಲಕ್ಕೆ ಹೊಂದುವ ಕ್ರಮ ಬೇರೆಯೇ ಬೇಕು.

ಬಾರ್ಲಿ ಬಿಯರ್ ಯಾಕಲ್ಲ?

ನನಗೂ ಆಸೆ ಇದ್ದದ್ದು ನಿಜವಾದ ಬಿಯರ್ ಮಾಡಬೇಕು ಅಂತಲೇ. ಎರಡು ಅಡ್ಡಿ ಬಂದವು. ಒಂದು ಕಾನೂನು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಬಿಯರ್ ಕೂಡ ಆ ಲೆಕ್ಕದಲ್ಲೇ ಬರುತ್ತದೆ. ಇನ್ನೊಂದು ಹಾಪ್ಸ್. ಬಿಯರಿಗೆ ಕಹಿ ಕೊಡುವ ಈ ಬಳ್ಳಿಯ ಹೂವಿಗೆ ಬೇಸಿಗೆಯಲ್ಲಿ ತುಂಬಾ ಉದ್ದದ ಹಗಲು ಬೇಕು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆದಿದ್ದಾರೆ. ಶಿವಮೊಗ್ಗದಲ್ಲಿ ವರ್ಷದ ಅತಿ ಉದ್ದದ ಹಗಲೂ ಸುಮಾರು 13 ಗಂಟೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ಹಾಗೆ ಅದನ್ನು ಹಬ್ಬಿಸೋಣ ಅಂದರೆ ಆಗುವುದಿಲ್ಲ.

ಶುಂಠಿಯೋ, ಎಲ್ಲಿ ನೋಡಿದರೂ ಇದೆ. ಶುಂಠಿ ಬಿಯರ್ ಹುಟ್ಟಿದ್ದು 18ನೇ ಶತಮಾನದ ಇಂಗ್ಲೆಂಡಿನಲ್ಲಿ. ಅಲ್ಲಿನ ಮನೆಗಳಲ್ಲಿ ಒಂದು ಹೆಪ್ಪನ್ನು ಒಬ್ಬರಿಂದ ಒಬ್ಬರಿಗೆ ಕೊಟ್ಟು ಉಳಿಸಿಕೊಂಡು ಬಂದಿದ್ದರು. ಆ ಹೆಪ್ಪಿನಲ್ಲಿ ಏನೇನಿದೆ ಅಂತ 1892ರಲ್ಲಿ ಬಿಡಿಸಿ ಹೇಳಿದವನು ಇಂಗ್ಲೆಂಡಿನ ಸಸ್ಯವಿಜ್ಞಾನಿ ಹ್ಯಾರಿ ಮಾರ್ಷಲ್ ವಾರ್ಡ್. ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಎರಡೂ ಸೇರಿ ಸಂಸಾರ ಮಾಡುತ್ತವೆ ಅಂದ. ಕಾಫಿ ತೋಟದವರಿಗೆ ಈತ ಬೇರೆ ರೀತಿಯಲ್ಲಿ ಹತ್ತಿರದವನು. ಅದಕ್ಕೆ ಹತ್ತು ವರ್ಷ ಮೊದಲು ಸಿಲೋನಿನಲ್ಲಿ ಕಾಫಿ ಎಲೆಯ ತುಕ್ಕು ರೋಗವನ್ನು ಅಭ್ಯಾಸ ಮಾಡಿದವನೂ ಇವನೇ.

ಒಂದು ಲೆಕ್ಕ, ಮೊದಲೇ ತಿಳಿದಿರಲಿ

ಯೀಸ್ಟ್ ಸಕ್ಕರೆ ತಿಂದರೆ ಹೆಚ್ಚುಕಮ್ಮಿ ಅರ್ಧ ಗ್ಯಾಸ್, ಅರ್ಧ ಆಲ್ಕೋಹಾಲ್ ಆಗುತ್ತದೆ. ಒಂದು ಬೇಕು, ಇನ್ನೊಂದು ಬೇಡ ಅನ್ನುವಂತಿಲ್ಲ. ಒಂದು ಲೀಟರಿನಲ್ಲಿ 4 ಗ್ರಾಂ ಸಕ್ಕರೆ ಕರಗಿಹೋದರೆ ಸುಮಾರು ಒಂದು ಲೀಟರ್ ಗ್ಯಾಸ್ ಹುಟ್ಟುತ್ತದೆ, ಜೊತೆಗೆ ಶೇ. 0.25 ಆಲ್ಕೋಹಾಲ್. 8 ಗ್ರಾಂ ಹೋದರೆ ಎರಡು ಲೀಟರ್ ಗ್ಯಾಸ್, ಶೇ. 0.5 ಆಲ್ಕೋಹಾಲ್. ಅಂಗಡಿಯ ಕೋಲಾದಲ್ಲಿ ಲೀಟರಿಗೆ ಮೂರೂವರೆ ಲೀಟರಿಗೂ ಜಾಸ್ತಿ ಗ್ಯಾಸ್ ಇರುತ್ತದೆ. ನಮಗೆ ಎರಡು ಸಾಕು. ನಾಲಿಗೆ ಮೇಲೆ ಚುರುಚುರು ಅನ್ನುತ್ತದೆ.

ನಾವು ಹಾಕುವುದು ಲೀಟರಿಗೆ 100 ಗ್ರಾಂ ಸಿಹಿ. ಅಷ್ಟನ್ನೂ ಯೀಸ್ಟ್ ತಿಂದರೆ ಲೀಟರಿಗೆ 25 ಲೀಟರ್ ಗ್ಯಾಸ್! ಯಾವ ಬಾಟಲಿಯೂ ತಡೆಯುವುದಿಲ್ಲ. ಆಲ್ಕೋಹಾಲ್ ಶೇ. 6 ದಾಟುತ್ತದೆ. ಶೇ. 0.5 ದಾಟಿದ ಪಾನೀಯವನ್ನು ಆಹಾರ ಸುರಕ್ಷತಾ ನಿಯಮ ಮದ್ಯ ಅಂತಲೇ ಕರೆಯುತ್ತದೆ. ಹಾಗಾಗಿ ಇಡೀ ಕೆಲಸದಲ್ಲಿ ಕೈಚಳಕ ಬೇಕಾಗುವುದು ಒಂದೇ ಕಡೆ: ಸರಿಯಾದ ಹೊತ್ತಿಗೆ ನಿಲ್ಲಿಸುವುದು. ಹೆಪ್ಪಿನಲ್ಲಿ ಮೊದಲೇ ಸ್ವಲ್ಪ ಆಲ್ಕೋಹಾಲ್ ಇರುವುದರಿಂದ ಒಂದು ಗಂಟೆ ಮುಂಚೆ ನಿಲ್ಲಿಸಿದರೆ ನಷ್ಟವಿಲ್ಲ. ಎಷ್ಟೇ ಜಾಗ್ರತೆ ಮಾಡಿದರೂ ಸೊನ್ನೆ ಆಗುವುದಿಲ್ಲ. ಮಕ್ಕಳಿಗೆ, ಬಸುರಿಯರಿಗೆ, ಕುಡಿತ ಬಿಟ್ಟವರಿಗೆ ಇದನ್ನು ಕೊಡಬೇಡಿ. ಅವರಿಗೆ ಅದೇ ಶುಂಠಿ ಕಷಾಯಕ್ಕೆ ಸೋಡಾ ಬೆರೆಸಿ ಕೊಡಿ.

ಪಾತ್ರೆ, ಬಾಟಲಿ

ಪಾತ್ರೆಗೆ ಖರ್ಚಿಲ್ಲ. ಐದಾರು ಲೀಟರಿನ ಒಂದು ಸ್ಟೀಲ್ ಪಾತ್ರೆ, ಹೆಪ್ಪಿಗೆ ಅಗಲ ಬಾಯಿಯ ಗಾಜಿನ ಭರಣಿ, ಸೋಸಲು ಹಳೆಯ ಬಿಳಿ ಪಂಚೆ, ಒಂದು ಲಾಳಿಕೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಬೇಡ, ಹುಳಿ ತಾಗುತ್ತದೆ. ಒಂದು ಅಡುಗೆ ಥರ್ಮಾಮೀಟರ್ ಇದ್ದರೆ ಒಳ್ಳೆಯದು.

ಹೈಡ್ರೋಮೀಟರ್, ಅಂದರೆ ದ್ರವದಲ್ಲಿ ತೇಲಿ ಅದರ ಸಾಂದ್ರತೆ ತೋರಿಸುವ ಗಾಜಿನ ಕೊಳವೆ, ಕೊಂಡರೆ ಲೆಕ್ಕ ಪಕ್ಕಾ ಆಗುತ್ತದೆ. ಶೇ. 10 ಸಕ್ಕರೆಯ ನೀರಿನಲ್ಲಿ ಅದು ಸುಮಾರು 1.040 ತೋರಿಸುತ್ತದೆ. ಅದು 1.036ಕ್ಕೆ ಇಳಿದರೆ ಶೇ. 0.5 ಆಗಿದೆ ಅಂತ ಅರ್ಥ. ಅಳೆಯುವ ಮುಂಚೆ ಲೋಟದಿಂದ ಲೋಟಕ್ಕೆ ನಾಲ್ಕು ಸಲ ಕಾಫಿ ಎತ್ತಿ ಹೊಯ್ದ ಹಾಗೆ ಹೊಯ್ದು ಗ್ಯಾಸ್ ಬಿಡಿಸಿ. ಇಲ್ಲದಿದ್ದರೆ ಗುಳ್ಳೆಗಳು ಅದನ್ನು ಮೇಲಕ್ಕೆತ್ತಿ ಸುಳ್ಳು ಹೇಳಿಸುತ್ತವೆ.

ಬಾಟಲಿ ವಿಷಯಕ್ಕೆ ನಾನು ಹಠಮಾರಿ. ಸೋಡಾ ಅಥವಾ ಕೋಲಾ ಬಂದ ಪ್ಲಾಸ್ಟಿಕ್ ಬಾಟಲಿ ಮಾತ್ರ. ಅದು ಒತ್ತಡಕ್ಕೆಂದೇ ಮಾಡಿದ್ದು, ಹಿಂಡಿ ನೋಡಿದರೆ ಒಳಗಿನ ಸ್ಥಿತಿ ಕೈಗೆ ತಿಳಿಯುತ್ತದೆ. ಕುಡಿಯುವ ನೀರಿನ ತೆಳು ಬಾಟಲಿ ಬೇಡ. ಖಾಲಿ ಬ್ರಾಂದಿ ಬಾಟಲಿಯಂತೂ ಬೇಡವೇ ಬೇಡ, ಅದಕ್ಕೆ ಗ್ಯಾಸ್ ತಡೆಯುವ ಶಕ್ತಿಯೇ ಇಲ್ಲ. ತಂತಿಯ ಕ್ಲಿಪ್ ಇರುವ ಗಾಜಿನ ಬಾಟಲಿ ಚಂದ ಕಾಣುತ್ತದೆ ನಿಜ. ನಮ್ಮ ಮನೆಯಲ್ಲಿ ಸಿಡಿದದ್ದೂ ಅದೇ. ಗೋಲಿ ಸೋಡಾ ಬಾಟಲಿ ಆಗುತ್ತದಾ ಅಂತ ಒಬ್ಬರು ಕೇಳಿದ್ದರು. ಆಗುವುದಿಲ್ಲ. ಅದನ್ನು ತಲೆಕೆಳಗು ಹಿಡಿದು ಒತ್ತಡದಲ್ಲಿ ತುಂಬಿದರೆ ಮಾತ್ರ ಗೋಲಿ ಬಾಯಿಗೆ ಬಂದು ಕೂರುತ್ತದೆ.

ಶುಂಠಿ, ಬೆಲ್ಲ, ನೀರು

ಹೆಪ್ಪಿಗೆ ಬೇಕಾದ ಯೀಸ್ಟ್ ಶುಂಠಿಯ ಸಿಪ್ಪೆಯ ಮೇಲೆಯೇ ಇರುತ್ತದೆ. ಹಾಗಾಗಿ ಮಣ್ಣು ಮೆತ್ತಿದ ಶುಂಠಿ ತನ್ನಿ. ಮಷಿನ್ನಿನಲ್ಲಿ ತೊಳೆದು ಫಳಫಳ ಹೊಳೆಯುವ ಶುಂಠಿ ಸಾರಿಗೆ ಸರಿ, ಹೆಪ್ಪಿಗೆ ಅಲ್ಲ. ನಮ್ಮ ಕಡೆ ಕೊಳೆ ರೋಗಕ್ಕೆ ಹೆದರಿ ಶುಂಠಿಗೆ ಔಷಧಿ ಹೊಡೆಯುವುದು ಜಾಸ್ತಿ. ಗುರುತಿದ್ದವರ ಹಿತ್ತಲಿನದು ಸಿಕ್ಕರೆ ಅದೇ ಉತ್ತಮ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕೀಳುವ ಬಲಿತ ಶುಂಠಿಗೆ ಖಾರ ಜಾಸ್ತಿ. ಎಳೆಯದು ಘಮ ಕೊಡುತ್ತದೆ, ಗಂಟಲು ಹಿಡಿಯುವುದಿಲ್ಲ. ಶುಂಠಿಯ ಖಾರ ಕುದಿಸಿದಷ್ಟೂ ಮೆತ್ತಗಾಗುತ್ತದೆ, ಒಣಗಿಸಿದರೆ ಏರುತ್ತದೆ. ಖಾರ ಸಾಲದು ಅನ್ನಿಸಿದರೆ ಒಂದು ಚೂರು ಒಣಶುಂಠಿ ಜಜ್ಜಿ ಹಾಕಿ.

ಸಿಹಿಗೆ ಅರ್ಧ ಸಕ್ಕರೆ, ಅರ್ಧ ಜೋನಿ ಬೆಲ್ಲ ನನ್ನ ಅಳತೆ. ಬರೀ ಸಕ್ಕರೆ ಹಾಕಿದರೆ ರುಚಿ ಸಪ್ಪೆ. ಬರೀ ಬೆಲ್ಲವಾದರೆ ಪಾನಕ ಕುಡಿದ ಹಾಗೆ. ಜೋನಿ ಬೆಲ್ಲ ಇಲ್ಲದಿದ್ದರೆ ಕಪ್ಪು ಬೆಲ್ಲ ಆದೀತು. ಹಳದಿಗೆ ಹೊಳೆಯುವ ಅಚ್ಚು ಬೆಲ್ಲಕ್ಕೆ ಬಣ್ಣ ಬರಲೆಂದು ಆಲೆಮನೆಯಲ್ಲಿ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿರುವುದುಂಟು. ಅದು ಯೀಸ್ಟಿಗೆ ಒಗ್ಗುವುದಿಲ್ಲ.

ತುಂಗಾ ಪಾನ, ಗಂಗಾ ಸ್ನಾನ ಅನ್ನುತ್ತಾರೆ. ಆದರೆ ಶಿವಮೊಗ್ಗದ ನಲ್ಲಿಯಲ್ಲಿ ಬರುವ ತುಂಗೆಗೆ ಕ್ಲೋರಿನ್ ಹಾಕಿರುತ್ತಾರೆ, ಅದು ಹೆಪ್ಪನ್ನು ಕೊಲ್ಲುತ್ತದೆ. ಕುದಿಸಿ ಆರಿಸಿದರೆ ಸಾಕು. ಬಾವಿ ನೀರಾದರೂ ಕುದಿಸಿಯೇ ಬಳಸಿ.

ಮಾಲ್ಟ್ ಮಾಡಿಕೊಳ್ಳುವುದು

ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು. ಶುಂಠಿ ಬಿಯರಿಗೆ ಅದನ್ನು ಹಾಕಲೇಬೇಕು ಅಂತಿಲ್ಲ. ನಾನು ಹಾಕುವುದು ನೊರೆಗೆ, ಬಾಯಲ್ಲಿ ಸ್ವಲ್ಪ ಗಟ್ಟಿತನ ಬರಲಿ ಅಂತ, ಮತ್ತೆ ಬಿಯರ್ ಆಸೆ ಪೂರ್ತಿ ಹೋಗಿಲ್ಲವಲ್ಲ! ಬಾರ್ಲಿ ಬದಲು ರಾಗಿ. ಅಂಗಡಿಯಲ್ಲಿ ಸಿಗುವ ರಾಗಿ ಮಾಲ್ಟ್ ಆಗದು. ಅದನ್ನು ಘಮ ಬರುವ ಹಾಗೆ ಹುರಿದಿರುತ್ತಾರೆ, ಹುರಿದರೆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಸತ್ತುಹೋಗುತ್ತದೆ.

ಕಾಲು ಕಿಲೋ ರಾಗಿ ತೊಳೆದು 12 ಗಂಟೆ ನೆನೆಸಿ. ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿಡಿ. ದಿನಕ್ಕೆರಡು ಸಲ ಬಿಚ್ಚಿ ನೀರು ಚಿಮುಕಿಸಿ, ಕೈಯಾಡಿಸಿ. ಬೇಸಿಗೆಯಲ್ಲಿ ಎರಡು ದಿನ, ಚಳಿಗೆ ಮೂರು ದಿನ. ಮುಗ್ಗಲು ವಾಸನೆ ಬಂದರೆ, ಬೂಷ್ಟು ಕಂಡರೆ ಅಷ್ಟನ್ನೂ ಚೆಲ್ಲಿ, ಆರಿಸಿ ಉಳಿಸಿಕೊಳ್ಳುವ ಆಸೆ ಬೇಡ. ಮಳೆಗಾಲದಲ್ಲಿ ಇದು ಆಗುವುದು ಹೆಚ್ಚು, ಅದಕ್ಕೇ ನಾನು ಮಾರ್ಚಿನಲ್ಲೇ ಮಾಡಿ ಡಬ್ಬಿಗೆ ತುಂಬಿಸುತ್ತೇನೆ. ಬಿಸಿಲಿನಲ್ಲಿ ಗರಿಗರಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಕೇರಿ, ತರಿತರಿಯಾಗಿ ಬೀಸಿಕೊಳ್ಳಿ. ಹುರಿಯಬೇಡಿ.

ಈಗ ಒಂದು ಮಜಾ ನೋಡಿ. ಒಂದು ಲೀಟರ್ ನೀರು 70 ಡಿಗ್ರಿಗೆ ಬರಲಿ. ಥರ್ಮಾಮೀಟರ್ ಇಲ್ಲವಾದರೆ ಎರಡು ಪಾಲು ಕುದಿಯುವ ನೀರಿಗೆ ಒಂದು ಪಾಲು ತಣ್ಣೀರು ಬೆರೆಸಿ, ಹತ್ತಿರ ಹತ್ತಿರ ಬರುತ್ತದೆ. ಅದಕ್ಕೆ 150 ಗ್ರಾಂ ಮೊಳಕೆ ರಾಗಿ ಹಿಟ್ಟು ಹಾಕಿ ಕದಡಿ. ಮೊದಲು ಗಂಜಿಯ ಹಾಗೆ ಸೌಟಿಗೆ ಹಿಡಿಯುತ್ತದೆ. ಮುಚ್ಚಿ, ಕಂಬಳಿ ಸುತ್ತಿ ಒಂದು ಗಂಟೆ ಬಿಡಿ. ನಡುವೆ ಒಮ್ಮೆ ಮುಚ್ಚಳ ತೆಗೆದು ಸೌಟು ಎತ್ತಿದರೆ ಗಂಜಿ ಎಲ್ಲಿ ಹೋಯಿತು ಅನ್ನಿಸುತ್ತದೆ. ನೀರುನೀರಾಗಿ ಇಳಿಯುತ್ತದೆ. ಅಡಿಗೆ ತರಿ, ಮೇಲೆ ಮಾಸಲು ಕಂದು ತಿಳಿ. ನಾಲಿಗೆಗೆ ಹಚ್ಚಿದರೆ ತೆಳುವಾದ ಸಿಹಿ, ಒಂದು ಚೂರೂ ಸಕ್ಕರೆ ಹಾಕದೆ. ನೀರು 80 ಡಿಗ್ರಿ ಇದ್ದರೆ ಈ ಆಟ ನಡೆಯುವುದಿಲ್ಲ, ಕಿಣ್ವ ಬೆಂದುಹೋಗಿ ಗಂಜಿ ಗಂಜಿಯಾಗಿಯೇ ಉಳಿಯುತ್ತದೆ. ಅನುಮಾನವಿದ್ದರೆ ತಟ್ಟೆ ಮೇಲೆ ಒಂದು ಹನಿ ಹಾಕಿ ಟಿಂಕ್ಚರ್ ಅಯೋಡಿನ್ ಮುಟ್ಟಿಸಿ. ಕಡು ನೀಲಿಯಾದರೆ ಪಿಷ್ಟ ಇನ್ನೂ ಇದೆ, ಇನ್ನರ್ಧ ಗಂಟೆ ಕಾಯಿರಿ. ಆ ಹನಿಯನ್ನು ಮತ್ತೆ ಪಾತ್ರೆಗೆ ಹಾಕಬೇಡಿ. ಕೊನೆಗೆ ಪಂಚೆಯಲ್ಲಿ ಸೋಸಿ. ಚರಟ ದನಕ್ಕೆ.

ಯೀಸ್ಟ್: ಪೊಟ್ಟಣದ್ದೋ, ಹೆಪ್ಪೋ?

ಬೇಕರಿ ಯೀಸ್ಟ್ ಅಂಗಡಿಯಲ್ಲೇ ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಬನ್ನಿನ ವಾಸನೆ ಬಿಟ್ಟುಹೋಗುತ್ತದೆ. ಆನ್‌ಲೈನಿನಲ್ಲಿ ತರಿಸುವ ಶಾಂಪೇನ್ ಯೀಸ್ಟ್ ಶುಚಿಯಾಗಿದೆ, ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಏಲ್, ಲಾಗರ್ ಅಂದರೆ ಬಿಯರಿನ ಎರಡು ಬಗೆ. ಏಲ್ ಯೀಸ್ಟ್ 20 ಡಿಗ್ರಿ ಆಚೀಚೆ ಖುಷಿಯಾಗಿರುತ್ತದೆ, ನಮ್ಮ ಮಳೆಗಾಲ ಚಳಿಗಾಲಕ್ಕೆ ಪರವಾಗಿಲ್ಲ. ಲಾಗರ್ ಯೀಸ್ಟಿಗೆ 10 ಡಿಗ್ರಿ ಹತ್ತಿರದ ಚಳಿ ಬೇಕು, ಅದರ ಗೊಡವೆ ಬೇಡ. ಯಾವ ಒಣ ಯೀಸ್ಟೇ ಆಗಲಿ, ನಾಲ್ಕು ಲೀಟರಿಗೆ ಟೀ ಚಮಚದ ಎಂಟನೇ ಒಂದು ಭಾಗ. ಒಂದು ಚಿಟಿಕೆ, ಅಷ್ಟೇ.

ನನ್ನ ಮತ ಹೆಪ್ಪಿಗೆ. ಮೊಸರಿಗೆ ಹೆಪ್ಪು ಕಾಯ್ದುಕೊಂಡು ಬಂದ ಮನೆಯವರಿಗೆ ಇದು ಹೊಸದೇನಲ್ಲ. ಭರಣಿಗೆ ಕುದಿಸಿ ಆರಿಸಿದ ನೀರು 400 ಮಿಲಿ, ಸಿಪ್ಪೆ ಸಮೇತ ತುರಿದ ಶುಂಠಿ ಎರಡು ಚಮಚ, ಸಕ್ಕರೆ ಎರಡು ಚಮಚ. ಬಾಯಿಗೆ ಬಟ್ಟೆ ಕಟ್ಟಿ, ಹಣ್ಣಿನ ನೊಣ ಬರದ ಹಾಗೆ. ದಿನಾ ಅದೇ ಹೊತ್ತಿಗೆ ಒಂದೊಂದು ಚಮಚ ಶುಂಠಿ, ಸಕ್ಕರೆ ಹಾಕಿ ಕದಡಿ. ಏಪ್ರಿಲಿನಲ್ಲಿ ಮೂರು ನಾಲ್ಕು ದಿನಕ್ಕೆ, ಆಗಸ್ಟಿನಲ್ಲಿ ಒಂದು ವಾರಕ್ಕೆ ಜೀವ ಬರುತ್ತದೆ. ತುರಿ ಮೇಲಕ್ಕೆ ತೇಲಿ ಟೋಪಿ ಕಟ್ಟುತ್ತದೆ. ಕದಡಿದರೆ ನೊರೆ ಉಕ್ಕುತ್ತದೆ. ಕಿವಿ ಕೊಟ್ಟರೆ ಸಣ್ಣಗೆ ಸುಂಯ್ ಅನ್ನುತ್ತದೆ. ಎಂಟು ದಿನವಾದರೂ ಗುಳ್ಳೆ ಇಲ್ಲದಿದ್ದರೆ ಶುಂಠಿ ಬದಲಿಸಿ ಹೊಸದಾಗಿ ಶುರು ಮಾಡಿ.

ಮೇಲೆ ತೆಳ್ಳಗೆ ಬಿಳಿ ಪೊರೆ ಬಂದರೆ ಗಾಬರಿ ಬೇಡ, ತೆಗೆದುಹಾಕಿ ದಿನಕ್ಕೆರಡು ಸಲ ಕದಡಿ. ಹತ್ತಿಯ ಹಾಗೆ ಎದ್ದ ಹಸಿರು, ಕಪ್ಪು, ಗುಲಾಬಿ ಬೂಷ್ಟು ಕಂಡರೆ ಇಡೀ ಭರಣಿ ಹೊರಗೆ.

ಹಾಪ್ಸ್ ಇಲ್ಲದ ಕೊರತೆ

ಹಾಪ್ಸ್ ಬರೀ ಕಹಿಗಲ್ಲ. ಹುಳಿ ಮಾಡುವ ಬ್ಯಾಕ್ಟೀರಿಯಾಗಳನ್ನು ಅದು ತಡೆದು ನಿಲ್ಲಿಸುತ್ತದೆ, ಬಿಯರ್ ತಿಂಗಳುಗಟ್ಟಲೆ ಉಳಿಯುವುದಕ್ಕೆ ಅದೂ ಒಂದು ಕಾರಣ. ನಮ್ಮಲ್ಲಿ ಆ ಕೆಲಸ ಲಿಂಬೆ ಹುಳಿ ಮತ್ತು ತಂಪು ಎರಡೂ ಸೇರಿ ಮಾಡಬೇಕು. ಹಾಗಾಗಿ ಲಿಂಬೆಯಲ್ಲಿ ಜುಗ್ಗತನ ಮಾಡಬೇಡಿ. ಹುಳಿ ಅಳೆಯುವ ಪಿಎಚ್ ಪಟ್ಟಿ ಇದ್ದರೆ 4ಕ್ಕಿಂತ ಕೆಳಗಿರಲಿ. ಕಹಿಗೆ ಹೇರಳೆಕಾಯಿಯ ಸಿಪ್ಪೆ, ಒಳಗಿನ ಬಿಳಿ ಸಮೇತ ಎರಡು ಬೆರಳಗಲ. ಪರಿಮಳಕ್ಕೆ ಮಜ್ಜಿಗೆ ಹುಲ್ಲಿನ ನಾಲ್ಕು ಎಲೆ. ಒಮ್ಮೆ ನೆಲಬೇವು ಹಾಕಿ ನೋಡಿದೆ. ಮನೆಯವರೆಲ್ಲ ಜ್ವರಕ್ಕೆ ಮಾಡಿದ ಕಷಾಯ ಅಂದುಕೊಂಡರು.

ಮಾಡುವ ದಿನ

ನಾಲ್ಕು ಲೀಟರಿಗೆ: ಶುಂಠಿ 200 ಗ್ರಾಂ, ಸಕ್ಕರೆ 200 ಗ್ರಾಂ, ಜೋನಿ ಬೆಲ್ಲ 200 ಗ್ರಾಂ, ಲಿಂಬೆ 4 ದೊಡ್ಡವು, ಕರಿಮೆಣಸು ಆರೇಳು ಕಾಳು, ಚಿಟಿಕೆ ಉಪ್ಪು, ಸೋಸಿದ ರಾಗಿ ತಿಳಿ, ಒಂದು ಲೋಟ ಹೆಪ್ಪು.

ಬಾಟಲಿ, ಮುಚ್ಚಳ, ಲಾಳಿಕೆ ಎಲ್ಲ ಸೋಪಿನಲ್ಲಿ ತೊಳೆದು ಚೆನ್ನಾಗಿ ಜಾಲಿಸಿ. ಪ್ಲಾಸ್ಟಿಕ್ ಬಾಟಲಿಗೆ ಕುದಿಯುವ ನೀರು ಹಾಕಿದರೆ ಮುದುಡುತ್ತದೆ, ಉಗುರುಬೆಚ್ಚಗಿನದು ಸಾಕು.

ಅರ್ಧ ಶುಂಠಿಯನ್ನು ಒರಳಿನಲ್ಲಿ ಜಜ್ಜಿ, ಮೆಣಸು, ಹೇರಳೆ ಸಿಪ್ಪೆ ಜೊತೆ ಒಂದು ಲೀಟರ್ ನೀರು ಮತ್ತು ರಾಗಿ ತಿಳಿಯಲ್ಲಿ ಹತ್ತು ನಿಮಿಷ ಕುದಿಸಿ. ಉಕ್ಕುತ್ತದೆ, ಹತ್ತಿರವೇ ನಿಂತಿರಿ. ಒಲೆ ಆರಿಸಿ ಸಕ್ಕರೆ, ಬೆಲ್ಲ, ಉಪ್ಪು ಕರಗಿಸಿ. ಉಳಿದ ಶುಂಠಿ ತುರಿದು, ಮಜ್ಜಿಗೆ ಹುಲ್ಲು ಗಂಟು ಹಾಕಿ ಆ ಬಿಸಿಗೆ ಹಾಕಿ ಅರ್ಧ ಗಂಟೆ ಮುಚ್ಚಿಡಿ. ಕುದಿಸಿದ ಶುಂಠಿ ಮೈ ಕೊಡುತ್ತದೆ, ಈ ಹಸಿ ಶುಂಠಿ ಮೂಗಿಗೆ ಘಮ ಕೊಡುತ್ತದೆ. ಸೋಸಿ. ಆರಿಸಿಟ್ಟ ನೀರು ಸುಮಾರು ಎರಡು ಲೀಟರ್ ಹಾಕಿ, ನಾಲ್ಕು ಲೀಟರಿಗೆ ಒಂದು ಲೋಟದಷ್ಟು ಜಾಗ ಬಿಡಿ.

ಇಲ್ಲಿ ಅವಸರ ಬೇಡ. ಪಾತ್ರೆಯ ಹೊರಮೈ ಮುಟ್ಟಿದರೆ ಬಿಸಿ ಗೊತ್ತಾಗಬಾರದು, 30 ಡಿಗ್ರಿಯ ಒಳಗಿರಬೇಕು. ಕೈ ಸುಡುವ ಬಿಸಿಗೆ ಹೆಪ್ಪು ಹಾಕಿದರೆ ನೀವು ಒಂದು ವಾರ ಸಾಕಿದ್ದು ಸತ್ತೇಹೋಗಬಹುದು. ಆರಿದ ಮೇಲೆ ಲಿಂಬೆ ಹಿಂಡಿ, ಹೆಪ್ಪನ್ನು ಸೋಸಿ ಹಾಕಿ, ಕದಡಿ, ಬಾಟಲಿಗೆ ತುಂಬಿ. ಕತ್ತಿನ ಹತ್ತಿರ ನಾಲ್ಕು ಬೆರಳು ಜಾಗ ಇರಲಿ. ಬಿಗಿಯಾಗಿ ಮುಚ್ಚಿ, ದಿನಾಂಕ ಬರೆದು, ಬಕೆಟ್ಟಿನಲ್ಲಿ ನಿಲ್ಲಿಸಿ ಮೇಲೊಂದು ದಪ್ಪ ಟವೆಲ್ ಹೊದಿಸಿ ಕತ್ತಲಲ್ಲಿಡಿ.

ಮುಂದೆ ಕೈಯೇ ಮೀಟರ್. ತುಂಬಿದ ಕೂಡಲೇ ಒಮ್ಮೆ ಹಿಂಡಿ ನೋಡಿ, ಬಾಳೆಹಣ್ಣಿನ ಹಾಗೆ ಒತ್ತಿಕೊಳ್ಳುತ್ತದೆ. ಅರ್ಧ ದಿನ ಏನೂ ಆಗುವುದಿಲ್ಲ. ಆಮೇಲೆ ಬಲಿತ ಮಾವಿನಕಾಯಿಯ ಹಾಗೆ ಆಗುತ್ತದೆ. ಹೆಬ್ಬೆರಳು ಒತ್ತಿದರೆ ಸ್ವಲ್ಪ ತಗ್ಗಿ ತಕ್ಷಣ ಮೇಲೆ ಬರುವ ಆ ಹದದಲ್ಲಿ ಫ್ರಿಜ್ಜಿಗೆ ಇಡಬೇಕು. ಕಲ್ಲಾಗುವವರೆಗೆ ಕಾದರೆ ತಡವಾಯಿತು. ಶಿವಮೊಗ್ಗದ ಏಪ್ರಿಲಿನಲ್ಲಿ ಇದಕ್ಕೆ 18ರಿಂದ 24 ಗಂಟೆ, ಆಗುಂಬೆ ಕಡೆಯ ಮಳೆಗಾಲದಲ್ಲಿ ಎರಡು ಮೂರು ದಿನ. ಗಡಿಯಾರ ನಂಬಬೇಡಿ, ಬಾಟಲಿ ನಂಬಿ.

ಫ್ರಿಜ್ಜಿನಲ್ಲಿ ಒಂದು ದಿನ ನಿಂತರೆ ಗ್ಯಾಸ್ ನೀರಿಗೆ ಇಳಿಯುತ್ತದೆ, ಮಡ್ಡಿ ತಳ ಸೇರುತ್ತದೆ. ಸಿಂಕಿನ ಮೇಲೆ ಹಿಡಿದು ನಿಧಾನಕ್ಕೆ ತೆರೆಯಿರಿ. ಒಂದು ವಾರದೊಳಗೆ ಮುಗಿಸಿ.

ಕರೆಂಟ್ ಹೋದರೆ

ಮೂರು ನಾಲ್ಕು ಗಂಟೆಗೆ ಏನೂ ಆಗುವುದಿಲ್ಲ, ಫ್ರಿಜ್ ತೆರೆಯದಿದ್ದರೆ ಸಾಕು. ಅದಕ್ಕಿಂತ ಜಾಸ್ತಿಯಾದರೆ ಬಾಟಲಿ ಮುಟ್ಟಿ ನೋಡಿ. ಬೆಚ್ಚಗಾಗುತ್ತಿದ್ದರೆ ಎಲ್ಲದರ ಮುಚ್ಚಳ ಅರ್ಧ ತಿರುವು ಸಡಿಲಿಸಿ, ಗ್ಯಾಸ್ ಹೋಗಲಿ. ಲೈನ್ ಮೇಲೆ ಮರ ಬಿದ್ದಿದೆ ಅಂತ ಸುದ್ದಿ ಬಂದರೆ ಅಂದೇ ನೆಂಟರನ್ನು, ಪಕ್ಕದ ಮನೆಯವರನ್ನು ಕರೆದು ಖಾಲಿ ಮಾಡಿಬಿಡಿ. ಉಳಿದದ್ದನ್ನು ಪಾತ್ರೆಗೆ ಸುರಿದು ಎರಡು ನಿಮಿಷ ಕುದಿಸಿ. ಯೀಸ್ಟ್ ಸಾಯುತ್ತದೆ, ಗ್ಯಾಸೂ ಹೋಗುತ್ತದೆ. ಬಿಸಿಬಿಸಿಯಾಗಿಯೇ ಕುಡಿದರೆ ಮಳೆಗೆ ಅದೂ ಚೆನ್ನಾಗಿರುತ್ತದೆ.

ಪಕ್ಕದ ಮನೆಯವರು ಕಳ್ಳಭಟ್ಟಿಯ ಮಾತು ಎತ್ತದೆ ಇರುವುದಿಲ್ಲ, ನಮ್ಮಲ್ಲೂ ಎತ್ತಿದರು. ಕಳ್ಳಭಟ್ಟಿ ವಿಷವಾಗುವುದು ಮೆಥನಾಲ್ ಬೆರೆತಾಗ. ಇಲ್ಲಿ ಭಟ್ಟಿ ಇಳಿಸುವುದೂ ಇಲ್ಲ, ಬೆರಕೆಯೂ ಇಲ್ಲ. ಆದರೆ ಹೊತ್ತು ಮೀರಿ ಹುದುಗಿ ಖಡಕ್ಕಾದ ಬಾಟಲಿಯನ್ನು ಸಾಧನೆ ಅಂದುಕೊಂಡು ಹಂಚಬೇಡಿ. ಅದು ಚರಂಡಿಗೆ.

ತೆಗೆದ ಒಂದು ಲೋಟದ ಜಾಗಕ್ಕೆ ಅಷ್ಟೇ ನೀರು, ಒಂದು ಚಮಚ ಸಕ್ಕರೆ, ಒಂದು ಚಮಚ ಶುಂಠಿ ಹಾಕಿದರೆ ಹೆಪ್ಪು ಮತ್ತೆ ತುಂಬಿಕೊಳ್ಳುತ್ತದೆ. ತಿಂಗಳುಗಟ್ಟಲೆ ಬೇಡವೆಂದರೆ ಫ್ರಿಜ್ಜಿನಲ್ಲಿಟ್ಟು ವಾರಕ್ಕೊಮ್ಮೆ ಒಂದು ಚಮಚ ಸಕ್ಕರೆ ಕೊಡಿ. ಮುಚ್ಚಳ ಮಾತ್ರ ಬಿಗಿ ಮಾಡಬೇಡಿ.